ಎಡಪಾದದ ಅಚ್ಚು

ಕಾಗದದ ಮೇಲೆ ನನಗೆ ಯಾವತ್ತೂ ಪ್ರೀತಿ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಳೆಯ ಕಾಗದದ ಪರಿಮಳ, ಹಳೆಯ ಮಸಿಯ ಚೆಂದ ಎಂದು ಕಣ್ಣರಳಿಸಿ ಮಾತಾಡುವವರನ್ನು ಕಂಡರೆ, ಇವರನ್ನು ಒಂದು ವಾರ ನಮ್ಮ ದಾಖಲೆ ಕೊಠಡಿಯಲ್ಲಿ ಕೂರಿಸಬೇಕು ಅನ್ನಿಸುತ್ತದೆ. ಶಿವಮೊಗ್ಗದ ಸವಳಂಗ ರಸ್ತೆಯ ಒಂದು ಖಾಸಗಿ ಹೆರಿಗೆ ಆಸ್ಪತ್ರೆಯಲ್ಲಿ ನಾನು ದಾಖಲೆ ವಿಭಾಗದವಳು. ವಿಭಾಗ ಎಂದರೆ ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಒಂದು ಕೋಣೆ. ಗೋಡೆಗೆ ಕಬ್ಬಿಣದ ರ್‍ಯಾಕು, ರ್‍ಯಾಕಿನ ತುಂಬ ಬಿಳಿ ಬಟ್ಟೆಯಲ್ಲಿ ಕಟ್ಟಿದ ಕಡತದ ಗಂಟುಗಳು. ಬೆಳಿಗ್ಗೆ ಬೀಗ ತೆಗೆದರೆ ಮೊದಲು ಸೀನು, ಆಮೇಲೆ ಕೆಲಸ. ನಾನಿರುವ ಹೊಸಮನೆ ಬಡಾವಣೆಯಲ್ಲಿ ನಮ್ಮ ಬೀದಿಯ ಡಾಕ್ಟರು, "ಆಸ್ಪತ್ರೇಲೇ ಕೆಲಸ ಮಾಡ್ತೀರಿ, ಔಷಧಿಗೆ ನನ್ನ ಹತ್ರ ಬರ್ತೀರಲ್ಲ" ಎಂದು ನಗುತ್ತಿದ್ದರು. "ನಮ್ಮಲ್ಲಿ ಹೆರಿಗೆ ಮಾಡಿಸ್ತಾರೆ ಸಾರ್, ಮೂಗು ನೋಡಲ್ಲ" ಎನ್ನುತ್ತಿದ್ದೆ.

ಹಾಗಾಗಿ, ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ, ಆಸ್ಪತ್ರೆಗೆ ಕಂಪ್ಯೂಟರ್ ಬರುತ್ತದೆ, ಹಳೆಯ ಕಡತಗಳೆಲ್ಲ ಅದರೊಳಗೆ ಹೋಗುತ್ತವೆ ಎಂದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ನಾನು. ದಾದಿಯರು ಗೊಣಗಿದರು, ಲೆಕ್ಕದ ವಿಭಾಗದವರು ಮುಖ ಊದಿಸಿದರು. ನಾನು ಮಾತ್ರ ಮನೆಯಲ್ಲಿ ಪಾಯಸ ಮಾಡಿದೆ.

ಕೆಲಸದ ಕ್ರಮ ಹೀಗಿತ್ತು. ಆಡಳಿತ ಮಂಡಳಿ ಗೊತ್ತುಮಾಡಿದ ಅವಧಿ ದಾಟಿದ ಗಂಟುಗಳನ್ನು ವರ್ಷವಾರು ಕೆಳಗಿಳಿಸುವುದು. ಪೊಲೀಸ್ ಕೇಸಿಗೆ ಸಂಬಂಧಪಟ್ಟ ಕಡತಗಳಿಗೆ ಕೆಂಪು ದಾರ ಕಟ್ಟಿ ಬೇರೆ ಇಡುವುದು. ಉಳಿದವುಗಳಿಂದ ಬೇಕಾದಷ್ಟನ್ನೇ ಕಂಪ್ಯೂಟರಿಗೆ ಏರಿಸುವುದು: ಒಳರೋಗಿ ಸಂಖ್ಯೆ, ಹೆಸರು, ಊರು, ಸೇರಿದ ದಿನ, ಹೆರಿಗೆಯ ಬಗೆ, ಮಗು ಗಂಡೋ ಹೆಣ್ಣೋ, ತೂಕ, ಬಿಡುಗಡೆಯ ದಿನ. ಡಿಸ್ಚಾರ್ಜ್ ಹಾಳೆಯೊಂದನ್ನು ಸ್ಕ್ಯಾನ್ ಮಾಡಿ ಸಿ.ಡಿ.ಗೆ ಹಾಕುವುದು. ಆಮೇಲೆ ಕಡತವನ್ನು ಮತ್ತೆ ಗಂಟಿಗೆ ಸೇರಿಸಿ, ಯಾವ ಸಂಖ್ಯೆಯಿಂದ ಯಾವ ಸಂಖ್ಯೆಯವರೆಗೆ ಎಂದು ಬಟ್ಟೆಯ ಮೇಲೆ ಚೀಟಿ ಹೊಲಿದು, ಲಾರಿಗೆ ಕೊಡುವುದು. ಲಾರಿ ಭದ್ರಾವತಿಯ ಹೊರಗಿನ ಒಂದು ಸಣ್ಣ ರಟ್ಟಿನ ಕಾರ್ಖಾನೆಗೆ ಹೋಗುತ್ತಿತ್ತು. ಅಲ್ಲಿ ನಮ್ಮ ಕಡತಗಳನ್ನು ನೀರಿನಲ್ಲಿ ಅರೆದು ರಟ್ಟು ಮಾಡುತ್ತಿದ್ದರು. ರೋಗಿಗಳ ಗುಟ್ಟು ಬೀದಿಯ ಕಡಲೇಕಾಯಿ ಪೊಟ್ಟಣವಾಗಬಾರದು ಎಂದು ಈ ವ್ಯವಸ್ಥೆ. ಲಾರಿ ಹೊರಟ ಮೇಲೆ 'ಈ ಕೆಳಗಿನ ಕಡತಗಳನ್ನು ನಾಶಪಡಿಸಲಾಗಿದೆ' ಎಂಬ ಪ್ರಮಾಣಪತ್ರಕ್ಕೆ ಆಡಳಿತಾಧಿಕಾರಿಗಳು ಸಹಿ ಹಾಕುತ್ತಿದ್ದರು.

ಹೇಳುವಷ್ಟು ಸಲೀಸಾಗಿ ನಡೆಯಲಿಲ್ಲ. ಕರೆಂಟು ಹೋಗುತ್ತಿತ್ತು. ಸ್ಟೇಪ್ಲರ್ ಪಿನ್ನು ಕೀಳುತ್ತ ಕೀಳುತ್ತ ಉಗುರು ಕಿತ್ತು ಬರುತ್ತಿತ್ತು. ಆಯುಧಪೂಜೆಯ ಮರುದಿನ ಸ್ಕ್ಯಾನ್ ಮಾಡಿದ ಹಾಳೆಗಳಲ್ಲೆಲ್ಲ ಮಧ್ಯೆ ಒಂದು ಕೆಂಪು ಗೆರೆ. ಯಂತ್ರ ಕೆಟ್ಟಿತೆಂದು ಗಾಬರಿಯಾದರೆ, ಟೈಪು ಮಾಡುವ ಇಬ್ಬರು ಹುಡುಗಿಯರು ಭಕ್ತಿಯಿಂದ ಸ್ಕ್ಯಾನರಿನ ಗಾಜಿಗೇ ಕುಂಕುಮ ಇಟ್ಟಿದ್ದರು.

ಇನ್ನೊಂದು ತೊಡಕು ದೊಡ್ಡದು. ಕಂಪ್ಯೂಟರಿನ ಆ ಪ್ರೋಗ್ರಾಂ ಮಾಡಿದವರು ಹೆಂಗಸಿನ ಹೆಸರಿನ ಮುಂದೆ ಒಂದೇ ಒಂದು ಖಾನೆ ಇಟ್ಟಿದ್ದರು, ಗಂಡನ ಹೆಸರಿಗೆ. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನದು. ಮಗಳನ್ನು ಕರೆತಂದು ಸೇರಿಸುವವನು ಅಪ್ಪ. ಆತ ಕೌಂಟರಿನಲ್ಲಿ ತನ್ನ ಹೆಸರು, ತನ್ನ ಊರು ಹೇಳುತ್ತಾನೆ. ರಿಜಿಸ್ಟರಿನಲ್ಲಿ ಅದೇ ಇರುತ್ತದೆ. ಹುಡುಗಿಯರು ಕಂಡದ್ದನ್ನು ಕಂಡ ಹಾಗೆ ಖಾನೆಗೆ ತುಂಬಿದರು. ಹೀಗೆ ನಮ್ಮ ಕಂಪ್ಯೂಟರಿನಲ್ಲಿ ಸುತ್ತಮುತ್ತಲ ಅಪ್ಪಂದಿರೆಲ್ಲ ತಮ್ಮ ಹೆಣ್ಣುಮಕ್ಕಳ ಗಂಡಂದಿರಾಗಿ ಕುಳಿತರು. ಗೊತ್ತಾದ ದಿನ ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಯಿತು. ಆಮೇಲೆ ತಿದ್ದಿದರಾಯಿತು ಎಂದುಕೊಂಡು ಕೆಲಸ ಮುಂದುವರಿಸಿದೆವು.

ಅವಳು ಬಂದದ್ದು ಲಾರಿಯೊಂದು ಹೋದ ಎರಡು ದಿನಕ್ಕೆ.

ಮೂವತ್ತರ ಆಸುಪಾಸಿನ ಹೆಂಗಸು. ಕೈಯಲ್ಲಿ ಬುತ್ತಿಚೀಲದಂಥ ಒಂದು ಚೀಲ, ಒಳಗೇನೂ ಇದ್ದಂತಿರಲಿಲ್ಲ. ಬಾಗಿಲಲ್ಲೇ ನಿಂತು ಕೇಳಿದಳು.

"ಹಳೇ ಫೈಲು ಸಿಗುತ್ತಾ ಮೇಡಂ?"

"ಯಾತಕ್ಕೆ? ಇನ್ಶೂರೆನ್ಸಿಗಾ, ಜನನ ಪತ್ರಕ್ಕಾ?"

"ಯಾತಕ್ಕೂ ಅಲ್ಲ. ಅದ್ರಲ್ಲಿ ನನ್ನ ಮಗು ಕಾಲಿನ ಅಚ್ಚು ಇದೆ. ಅದೊಂದು ಹಾಳೆ ಬೇಕಿತ್ತು."

ಆ ಹಾಳೆ ನನಗೆ ಗೊತ್ತು. ಮಗು ಹುಟ್ಟಿದ ಕೂಡಲೇ ಎಡಪಾದಕ್ಕೆ ಸ್ಟಾಂಪ್ ಪ್ಯಾಡಿನ ನೇರಳೆ ಮಸಿ ಒತ್ತಿ ಹಾಳೆಯ ಮೇಲೆ ಅಚ್ಚು ತೆಗೆಯುತ್ತಾರೆ. ಅದರ ಕೆಳಗೆ ತಾಯಿಯ ಹೆಬ್ಬೆಟ್ಟು. ಮಕ್ಕಳು ಅದಲುಬದಲಾಗಬಾರದು ಎಂದು ಮಾಡಿಕೊಂಡ ಪದ್ಧತಿ. ತಾಯಿ ಮಗು ಮನೆಗೆ ಹೋದ ಮೇಲೆ ಅದನ್ನು ತಿರುಗಿ ನೋಡುವವರಿಲ್ಲ. ಕಂಪ್ಯೂಟರಿಗೆ ಏರಿಸಬೇಕಾದ ಪಟ್ಟಿಯಲ್ಲಿ ಅದು ಇರಲೂ ಇಲ್ಲ.

"ಮಗು ಈಗ?" ಎಂದೆ. ಕೇಳುವಾಗಲೇ ಉತ್ತರ ತಿಳಿದಿತ್ತು.

"ಎಂಟು ತಿಂಗಳಿಗೇ ಹುಟ್ತು. ಎರಡು ದಿವಸ ಗಾಜಿನ ಪೆಟ್ಟಿಗೇಲಿ ಇಟ್ಟಿದ್ರು. ನಂಗೆ ಜ್ವರ ಅಂತ ಒಳಗೆ ಬಿಡಲಿಲ್ಲ. ಆಯಾ ಎತ್ಕೊಂಡು ಹೋಗುವಾಗ ಬಟ್ಟೆಯಿಂದ ಒಂದು ಕಾಲು ಹೊರಗೆ ಬಂದಿತ್ತು. ಅಂಗಾಲು ಪೂರ್ತಿ ನೇರಳೆ. ಅಷ್ಟೇ ಮೇಡಂ ನಾನು ನೋಡಿದ್ದು."

ಫೋಟೋ ಇರಲಿಲ್ಲ. ಹೆಸರಿಡುವ ಮುಂಚೆ ಫೋಟೋ ತೆಗೆಯಬಾರದು ಎಂದು ಅವರ ಮನೆಯಲ್ಲಿ ಅಜ್ಜಿಯ ಕಟ್ಟಪ್ಪಣೆ. ಹೆಸರೂ ಇಡಲಿಲ್ಲ. ಎಳೆಕೂಸಾದ್ದರಿಂದ ಸುಡದೆ ಹೂತರು. ಗಂಡನಿಗೆ ಸುದ್ದಿ ಮುಟ್ಟಿ ಬರುವಷ್ಟರಲ್ಲಿ ಅವಳ ಅಪ್ಪನೇ ಎತ್ತಿಕೊಂಡು ಹೋಗಿ ಮುಗಿಸಿ ಬಂದಿದ್ದ. ಎಲ್ಲಿ ಎಂದು ಅವಳಿಗೆ ಹೇಳಲಿಲ್ಲ. ತಾಯಿಗೆ ಹೇಳುವುದಿಲ್ಲ. ಆ ಜಾಗದಲ್ಲಿ ತಾಯಿಯ ಕಣ್ಣೀರು ಬಿದ್ದರೆ ಮುಂದೆ ಹುಟ್ಟುವುದಕ್ಕೆ ಆಗಿಬರುವುದಿಲ್ಲ ಎನ್ನುತ್ತಾರೆ. ಮುಂದೆ ಯಾವುದೂ ಹುಟ್ಟಲಿಲ್ಲ.

"ಇಷ್ಟು ವರ್ಷ ಆದ್ಮೇಲೆ ಈಗ್ಯಾಕೆ ನೆನಪಾಯ್ತು?" ಎಂದು ಕೇಳಿದೆ. ನನ್ನ ಬಾಯಿ ಸ್ವಲ್ಪ ಒರಟು.

"ನೆನಪಾಗಕ್ಕೆ ಮರ್ತಿದ್ದೆನಾ? ಇಲ್ಲೇ ಇದೆ, ಭದ್ರವಾಗಿದೆ ಅಂತ ಸುಮ್ನಿದ್ದೆ. ನಮ್ಮಪ್ಪ ರಟ್ಟಿನ ಕಾರ್ಖಾನೇಲಿ ಲೋಡು ಇಳಿಸೋರು. ಮೊನ್ನೆ ಊಟ ಮಾಡ್ತಾ, ನೀನು ಹೆರಿಗೆಗೆ ಹೋಗಿದ್ದ ಆಸ್ಪತ್ರೆ ಕಾಗದ ಎಲ್ಲ ನಮ್ಮಲ್ಲಿಗೇ ಬರ್ತಿದೆ ಅಂದ್ರು. ನಾನು ತಟ್ಟೆ ಬಿಟ್ಟು ಎದ್ದೆ. ಅವರಿಗೆ ಯಾಕೆ ಅಂತ ಗೊತ್ತಾಗ್ಲಿಲ್ಲ."

ಅವಳನ್ನು ಕೂರಿಸಿ ಕಂಪ್ಯೂಟರಿನಲ್ಲಿ ಹುಡುಕಿದೆ. ಅವಳ ಹೆಸರು, ಗಂಡನ ಹೆಸರು, ಭದ್ರಾವತಿ. ಇಲ್ಲ. ವರ್ಷ ಹಿಂದೆ ಮುಂದೆ ಮಾಡಿದೆ. ಇಲ್ಲ. ಅವಳು ಪರದೆಯನ್ನೇ ನೋಡುತ್ತಿದ್ದಳು. "ಇಲ್ಲ ಅಂದ್ರೆ ಏನರ್ಥ ಮೇಡಂ? ಹುಟ್ಟೇ ಇಲ್ಲ ಅಂತಾನಾ?" ಎಂದಳು.

ಆಗ ಹೊಳೆಯಿತು. "ಆವತ್ತು ನಿನ್ನ ಸೇರಿಸಿದ್ದು ಯಾರಮ್ಮ?"

"ಅಪ್ಪ."

ಅಪ್ಪನ ಹೆಸರು ಕೇಳಿ ಗಂಡನ ಖಾನೆಯಲ್ಲಿ ಹಾಕಿ, ಊರಿನ ಕಡೆ ಅವನ ಊರು ಜನ್ನಾಪುರ ಎಂದು ಒತ್ತಿದೆ. ಸಾಲು ಬಂತು. ಮಗುವಿನ ಹೆಸರಿನ ಖಾನೆ ಖಾಲಿ ಬಿಟ್ಟರೆ ಪ್ರೋಗ್ರಾಂ ಒಪ್ಪುತ್ತಿರಲಿಲ್ಲವಾದ್ದರಿಂದ 'ಬೇಬಿ' ಎಂದಿತ್ತು. ಹೆಣ್ಣು. ತೂಕ. ಹುಟ್ಟಿದ ದಿನ, ತೀರಿಕೊಂಡ ದಿನ. ಎಲ್ಲ ಸರಿಯಾಗಿತ್ತು, ಒಂದಕ್ಷರ ತಪ್ಪಿರಲಿಲ್ಲ. ಅದನ್ನು ಪ್ರಿಂಟ್ ಹಾಕಿ ಅವಳ ಕೈಗೆ ಕೊಟ್ಟೆ. ಇದರಿಂದ ಒಂದಿಷ್ಟು ಸಮಾಧಾನವಾದೀತು ಎಂಬ ಆಸೆ ನನಗಿತ್ತು. ಅವಳು ಮೇಲಿಂದ ಕೆಳಗೆ ಓದಿ, ಪ್ರಿಂಟರ್ ಕಾಗದದ ಅಂಚಿನ ತೂತುಗಳ ಮೇಲೆ ಬೆರಳಾಡಿಸಿ ಹಿಂದಕ್ಕೆ ಕೊಟ್ಟಳು.

"ಇದೆಲ್ಲ ನಂಗೆ ಗೊತ್ತಿರೋದೇ ಅಲ್ವಾ ಮೇಡಂ."

ಒಳರೋಗಿ ಸಂಖ್ಯೆ ಹಿಡಿದು ಗಂಟುಗಳ ಪಟ್ಟಿ ನೋಡಿದೆ. ಆ ಗಂಟು ಮೊನ್ನೆಯ ಲಾರಿಯಲ್ಲಿ ಹೋಗಿತ್ತು. ಇಳಿಸಿದ ದಿನವೇ ಎಲ್ಲವನ್ನೂ ಅರೆಯುವುದಿಲ್ಲ, ಅಂಗಳದಲ್ಲಿ ರಾಶಿ ಹಾಕಿರುತ್ತಾರೆ ಎಂದು ಲಾರಿಯವನು ಹಿಂದೊಮ್ಮೆ ಹೇಳಿದ್ದ. ಆಡಳಿತಾಧಿಕಾರಿಗಳ ಕೋಣೆಗೆ ಹೋದೆ. ಕಾರ್ಖಾನೆಗೆ ಒಂದು ಫೋನು ಮಾಡಿ, ಆ ಗಂಟನ್ನು ಬದಿಗಿಡಲು ಹೇಳಿ ಎಂದೆ. ಅವರು ಕೆಟ್ಟವರಲ್ಲ. ಸಹಿಗೆ ಹೆದರುವವರು.

"ಏನ್ರೀ ಮೇಡಂ, ನಾಶ ಆಗಿದೆ ಅಂತ ನಾನು ಸಹಿ ಹಾಕಿ ಆಗಿದೆ. ಈಗ ಹುಡುಕಿಸಿದ್ರೆ ಆಗಿಲ್ಲ ಅಂತ ನಾನೇ ಒಪ್ಕೊಂಡ ಹಾಗಾಗಲ್ವಾ?"

"ಸಾರ್, ಅದೊಂದು ಹಾಳೆ."

"ಇವತ್ತು ಇವರಿಗೆ ಒಂದು ಹಾಳೆ. ನಾಳೆ ಇನ್ನೊಬ್ಬರು ಬರ್ತಾರೆ. ಕಂಪ್ಯೂಟರಲ್ಲಿ ಇರೋದನ್ನ ಕೊಡಿ, ಸೀಲು ಹಾಕಿ ಕೊಡಿ. ನಾನು ಬೇಡ ಅಂದ್ನಾ?"

ಅವರ ಮಾತಿನಲ್ಲಿ ನ್ಯಾಯವಿತ್ತು. ಅವರ ಕುರ್ಚಿಯಲ್ಲಿ ನಾನು ಕೂತಿದ್ದರೂ ಅದನ್ನೇ ಹೇಳುತ್ತಿದ್ದೆನೇನೋ. ಆದರೆ ನಾನು ಕೂತಿದ್ದು ನನ್ನ ಕುರ್ಚಿಯಲ್ಲಿ. ಅದರ ಎದುರಿಗೆ ಅವಳು ಖಾಲಿ ಚೀಲ ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದಳು. ಆ ಚೀಲ ಹಾಳೆ ಮಡಚದ ಹಾಗೆ ಒಯ್ಯಲು ತಂದದ್ದು ಎಂದು ಆಗ ಅರ್ಥವಾಯಿತು. ಅರ್ಧ ದಿನದ ರಜಾ ಚೀಟಿ ಬರೆದು ಮೇಜಿನ ಮೇಲಿಟ್ಟೆ. "ನಡಿ ಮಾರಾಯ್ತಿ, ಬಸ್ಸು ಹಿಡಿಯಣ" ಎಂದೆ.

ಬಸ್ಸಿನಲ್ಲಿ ಒಮ್ಮೆ, "ಸಿಕ್ಕಿದ್ರೆ ಕಟ್ಟು ಹಾಕಿಸಲ್ಲ ಮೇಡಂ. ಗೋಡೆಗೆ ಹಾಕಿದ್ರೆ ಬಂದೋರೆಲ್ಲ ಕೇಳ್ತಾರೆ. ಸೀರೆ ಮಡಿಕೇಲಿ ಇಟ್ಕೊಳ್ತೀನಿ" ಎಂದಳು. ಹಾಳೆ ಸಿಕ್ಕೇಬಿಟ್ಟಿದೆ ಎಂಬ ಧಾಟಿ ಅದು. ನಾನು ಕಿಟಕಿಯ ಹೊರಗೆ ನೋಡಿದೆ.

ಕಾರ್ಖಾನೆ ಎಂದರೆ ಒಂದು ತಗಡಿನ ಚಾವಣಿ, ಅದರ ಮುಂದೆ ದೊಡ್ಡ ಅಂಗಳ. ಅಂಗಳದ ತುಂಬ ಕಾಗದ: ಶಾಲೆಗಳ ಉತ್ತರಪತ್ರಿಕೆ, ಹಳೆಯ ಪಂಚಾಂಗ, ಲಾಟರಿ ಟಿಕೆಟು, ಮದುವೆ ಕರೆಯೋಲೆ. ಒಂದು ಮೂಲೆಯಲ್ಲಿ ನಮ್ಮ ಆಸ್ಪತ್ರೆಯ ರಾಶಿ. ಕೆಲವು ಗಂಟುಗಳು ಕಟ್ಟಿದ ಹಾಗೇ ಇದ್ದವು. ಅವುಗಳ ಮೇಲೆ ನಾನು ಹೊಲಿದ ಚೀಟಿಗಳನ್ನು ಕಂಡು ಜೀವ ಬಂದಂತಾಯಿತು. ಮೇಸ್ತ್ರಿಗೆ ಆಸ್ಪತ್ರೆಯವಳು ಎಂದು ಹೇಳಿದೆ. ಅವನು, "ನೋಡ್ಕಳಿ, ಮಿಷನ್ ಹತ್ರ ಮಾತ್ರ ಹೋಗ್ಬೇಡಿ" ಎಂದ. ಅವಳ ಅಪ್ಪ ಆ ಹೊತ್ತಿಗೆ ಇನ್ನೊಂದು ಲಾರಿಯ ಜೊತೆ ಹೊರಗೆ ಹೋಗಿದ್ದ.

ಗಂಟುಗಳ ಚೀಟಿ ಒಂದೊಂದಾಗಿ ಓದಿದೆ. ಆ ವರ್ಷದವು ಇದ್ದವು. ನಮಗೆ ಬೇಕಾದ ಸಂಖ್ಯೆಯ ಹಿಂದಿನ ಗಂಟು ಇತ್ತು, ಮುಂದಿನದೂ ಇತ್ತು. ನಡುವಿನದು ಕಾಣಲಿಲ್ಲ. ಬಿಚ್ಚಿ ಹರಡಿದ ಕಡತಗಳಲ್ಲಿ ಇರಬಹುದೆಂದು ಇಬ್ಬರೂ ರಾಶಿಯ ಮೇಲೆ ಕುಕ್ಕರಗಾಲಲ್ಲಿ ಕೂತು ಹುಡುಕಿದೆವು. ಆಗ ಆ ಹಾಳೆಗಳು ಬರತೊಡಗಿದವು. ಎಲ್ಲೆಲ್ಲಿ ಕೈ ಹಾಕಿದರೂ ಒಂದು ಪುಟ್ಟ ನೇರಳೆ ಪಾದ. ನಾನು ಮೇಲಿನ ಸಂಖ್ಯೆ ನೋಡುತ್ತಿದ್ದೆ. ಅವಳು ಸಂಖ್ಯೆ ನೋಡುತ್ತಿರಲಿಲ್ಲ. ಪಾದದ ಪಕ್ಕ ತನ್ನ ಬೆರಳಿಟ್ಟು ಅಳೆದು, "ಇದು ದೊಡ್ಡದು" ಎಂದು ಪಕ್ಕಕ್ಕಿಡುತ್ತಿದ್ದಳು. ಎಸೆಯುತ್ತಿರಲಿಲ್ಲ, ಒಂದರ ಮೇಲೊಂದು ಜೋಡಿಸಿಡುತ್ತಿದ್ದಳು. ಗಾಳಿಗೆ ಹಾರದಂತೆ ಅವುಗಳ ಮೇಲೆ ತನ್ನ ಚಪ್ಪಲಿಯನ್ನು ಇಡಲು ಹೋಗಿ, ತಡೆದು, ಒಂದು ಕಲ್ಲು ಹುಡುಕಿ ತಂದಳು. ಮೂಗಿನಿಂದ ನೀರು ಇಳಿಯುತ್ತಿತ್ತು ನನಗೆ. ಆವತ್ತು ಅದು ಧೂಳಿನದೊಂದೇ ಅಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಅವಳ ಅಪ್ಪ ಬಂದ. ತಲೆಗೆ ಟವಲು ಸುತ್ತಿದ, ಬೆನ್ನು ಸ್ವಲ್ಪ ಬಾಗಿದ ಮನುಷ್ಯ. ಮಗಳನ್ನು ರಾಶಿಯ ಮೇಲೆ ಕಂಡು ಅಲ್ಲೇ ನಿಂತ.

"ನೀನ್ಯಾಕೆ ಇಲ್ಲಿಗೆ ಬಂದೆ ಮಗಾ?"

ಅವಳ ಬದಲು ನಾನು ಹೇಳಿದೆ. ಯಾವ ಕಡತ, ಅದರಲ್ಲಿ ಏನಿತ್ತು, ಗಂಟಿನ ಚೀಟಿಯ ಮೇಲೆ ಯಾವ ಸಂಖ್ಯೆ, ಎಲ್ಲ. ಅವನು ಪೂರ್ತಿ ಕೇಳಿದ. ಆಮೇಲೆ ಚಾವಣಿಯ ಕೆಳಗೆ ಹೋದ. ಗಂಟು ಬಿಚ್ಚಿದ ಮೇಲೆ ಬಟ್ಟೆಗಳನ್ನು ಮಿಷನ್ ಒರೆಸಲೆಂದು ಅಲ್ಲಿ ಗುಡ್ಡೆ ಹಾಕಿದ್ದರು. ಒಂದೊಂದೇ ಕೊಡವಿ ನೋಡಿ, ಒಂದನ್ನು ಹಿಡಿದು ತಂದ. ನನ್ನ ಮುಂದೆ ಹರವಿದ. ಮೂಲೆಯಲ್ಲಿ ನಾನು ಹೊಲಿದ ಚೀಟಿ. ಅದೇ ಸಂಖ್ಯೆಗಳು.

"ಇದೇನಾ ತಾಯಿ?"

"ಹೂಂ. ಇದೇ."

"ಇದನ್ನ ನಿನ್ನೆ ಬೆಳಿಗ್ಗೆ ನಾನೇ ಬಿಚ್ಚಿದ್ದು. ದಾರ ಕೊಯ್ದು, ಬಟ್ಟೆ ಎಳೆದು, ತೊಟ್ಟಿಗೆ ಸುರಿದಿದ್ದೂ ನಾನೇ." ಅವನು ಟವಲು ಬಿಚ್ಚಿ ಮುಖಕ್ಕೆ ಒತ್ತಿಕೊಂಡ. "ಆಸ್ಪತ್ರೆ ಕಾಗದ ಅಂದ್ರೆ ಬಿಲ್ಲು, ಔಷಧಿ ಚೀಟಿ ಅಂದ್ಕೊಂಡಿದ್ದೆ. ಕೂಸಿನ ಕಾಲು ಇರುತ್ತೆ ಅಂತ ನಂಗೆ ಯಾರು ಹೇಳಿದ್ರು? ನೀನಾದ್ರೂ ಒಂದು ಮಾತು ಹೇಳ್ಬಾರ್ದಿತ್ತಾ ಮಗಾ?"

"ಹೇಳಿದ್ರೆ ನೀವು ಬೈತಿದ್ರಿ. ಅವಳ ಸುದ್ದಿ ಎತ್ತಬೇಡ ಅಂತ ನೀವೇ ಹೇಳಿದ್ರಲ್ಲ."

ಅವಳು ಎದ್ದು ಒಳಗಿನ ತೊಟ್ಟಿಯ ಕಡೆ ನಡೆದಳು. ಮೇಸ್ತ್ರಿ ಕೂಗಿದ, ಅವಳು ನಿಲ್ಲಲಿಲ್ಲ. ತೊಟ್ಟಿಯಲ್ಲಿ ಬೂದು ಬಣ್ಣದ ಗಂಜಿಯಂಥದ್ದು ನಿಧಾನವಾಗಿ ತಿರುಗುತ್ತಿತ್ತು. ಅಲ್ಲೊಂದು ಇಲ್ಲೊಂದು ಬಣ್ಣದ ಚೂರು ಮೇಲೆ ಬಂದು ಮುಳುಗುತ್ತಿತ್ತು. ಅವಳು ಅಂಚು ಹಿಡಿದು ನೋಡುತ್ತ ನಿಂತಳು. ಅಳಲಿಲ್ಲ. ಅತ್ತಿದ್ದರೆ ಹಿಡಿದುಕೊಳ್ಳಬಹುದಿತ್ತು. ಖಾಲಿ ಚೀಲವನ್ನು ಮಡಚುತ್ತಿದ್ದಳು. ಮಡಚಿ, ಬಿಡಿಸಿ, ಮತ್ತೆ ಮಡಚಿದಳು. ನನ್ನ ಕೆಲಸ ಎಷ್ಟು ಚೊಕ್ಕಟವಾಗಿ ನಡೆದಿತ್ತು! ಸಂಖ್ಯೆ ತಪ್ಪಿರಲಿಲ್ಲ, ಚೀಟಿ ತಪ್ಪಿರಲಿಲ್ಲ, ಲಾರಿ ತಪ್ಪಿರಲಿಲ್ಲ. ಎಲ್ಲ ಸರಿಯಾಗಿದ್ದೂ ಈ ಹೆಂಗಸಿಗೆ ಕೊಡಲು ನನ್ನ ಕೈಯಲ್ಲಿ ಏನೂ ಇರಲಿಲ್ಲ. ಅಷ್ಟು ಸಂಕಟ ನನಗೆ ನನ್ನ ಕೆಲಸದಲ್ಲಿ ಹಿಂದೆಂದೂ ಆಗಿರಲಿಲ್ಲ.

ರಾಶಿಯ ಹತ್ತಿರ ವಾಪಸು ಬಂದು, ಅವಳು ಕಲ್ಲಿನ ಕೆಳಗೆ ಜೋಡಿಸಿಟ್ಟ ಹಾಳೆಗಳನ್ನೆಲ್ಲ ಎತ್ತಿಕೊಂಡೆ. ಉಳಿದ ಗಂಟುಗಳನ್ನು ನಾಳೆವರೆಗೆ ಮುಟ್ಟಬೇಡಿ, ನಮ್ಮ ಹುಡುಗಿಯರ ಜೊತೆ ಬಂದು ಪ್ರತಿ ಕಡತದಿಂದ ಪಾದದ ಅಚ್ಚಿನ ಹಾಳೆ ತೆಗೆದುಕೊಂಡು ಹೋಗುತ್ತೇನೆ ಎಂದು ಮೇಸ್ತ್ರಿಗೆ ಹೇಳಿದೆ. ಆಡಳಿತಾಧಿಕಾರಿಗಳು ಏನಾದರೂ ಅನ್ನಲಿ. ನಾಶ ಮಾಡಬೇಕಾದ್ದು ಕಡತವನ್ನು, ಇದನ್ನಲ್ಲ ಎಂದು ವಾದಿಸಲು ನಾನು ತಯಾರಾಗಿದ್ದೆ. ಮೇಸ್ತ್ರಿ ಆಗಲಿ ಎಂದು ತಲೆಯಾಡಿಸಿದ.

ಅವಳ ಅಪ್ಪ ಆಗಲೂ ಆ ಬಟ್ಟೆಯನ್ನು ಹಿಡಿದುಕೊಂಡೇ ನಿಂತಿದ್ದ. ಮಗಳು ಹೊರಗೆ ಬಂದಳು. ಅವನು ಮೇಸ್ತ್ರಿಯ ಕಡೆ ತಿರುಗಿ, "ನಾನು ಹೊರಟೆ" ಎಂದ. ಆಮೇಲೆ ಮಗಳಿಗೆ, ಅವಳ ಮುಖ ನೋಡದೆ, "ಬಾ. ಜಾಗ ತೋರಿಸ್ತೀನಿ" ಎಂದ.

ಅವಳಿಗೆ ಅರ್ಥವಾಗಲಿಲ್ಲ. "ಯಾವ ಜಾಗ?"

"ಅವಳನ್ನ ಮಲಗಿಸಿದ ಜಾಗ."

"ತೋರಿಸ್ಬಾರ್ದು ಅಂತಿದ್ರಿ."

"ಅಂತಿದ್ದೆ. ನಡಿ."

ನಾನು ಬಸ್‌ಸ್ಟ್ಯಾಂಡಿನ ದಾರಿ ಹಿಡಿಯಬೇಕಿತ್ತು. ಅವಳು ನನ್ನ ಕೈ ಹಿಡಿದು, "ನೀವೂ ಬನ್ನಿ ಮೇಡಂ, ನಂಗೆ ಒಬ್ಬಳೇ ಆಗಲ್ಲ" ಎಂದಳು. ಮೂವರೂ ನಡೆದೆವು. ಕಾರ್ಖಾನೆಯ ಹಿಂದಿನ ಮಣ್ಣಿನ ದಾರಿ ದಾಟಿ ಭದ್ರಾ ನಾಲೆಯ ಏರಿ ಹತ್ತಿದೆವು. ಅವನು ಮುಂದೆ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು. ಒಂದು ಹೊಂಗೆ ಮರದ ಹತ್ತಿರ ನಿಂತ. ಮರದ ಕೆಳಗೆ ಗುರುತು ಎಂಬಂಥದ್ದು ಏನೂ ಇರಲಿಲ್ಲ. ಹುಲ್ಲು ಬೆಳೆದಿತ್ತು, ಹುಲ್ಲಿನೊಳಗೆ ಮೂರ್ನಾಲ್ಕು ಕಲ್ಲು. ನಾಯಿ ಕೆದಕಬಾರದೆಂದು ಆವತ್ತು ಇಟ್ಟ ಕಲ್ಲುಗಳು. ಜೊತೆಗೆ ಹಾಕಿದ್ದ ಮುಳ್ಳುಕಂಟಿ ಯಾವಾಗಲೋ ಮಣ್ಣಾಗಿರಬೇಕು. ಈ ಮರದ ಹತ್ತಿರ ಆಗಾಗ ಬಂದು ಹೋಗುತ್ತೇನೆ ಎಂದು ಅವನು ನನಗೆ ಮೆಲ್ಲಗೆ ಹೇಳಿದ.

ನಾನು ದೂರದಲ್ಲೇ ನಿಂತೆ. ಅವಳು ಹುಲ್ಲಿನ ಮೇಲೆ ಕೂತು, ಎರಡೂ ಅಂಗೈಯನ್ನು ನೆಲಕ್ಕೆ ಒತ್ತಿದಳು. ಆಗ ಅಳು ಬಂತು. ನಾಲೆಯ ನೀರಿನ ಸದ್ದನ್ನು ಮೀರಿದ ಅಳು. ಅಪ್ಪ ತಡೆಯಲಿಲ್ಲ. ಕಣ್ಣೀರು ಬೀಳಬಾರದು ಎಂದಿದ್ದ ಜಾಗದಲ್ಲಿ ಅದು ಬೀಳುವುದನ್ನು ನೋಡುತ್ತ ನಿಂತಿದ್ದ.

ತುಂಬ ಹೊತ್ತಿನ ಮೇಲೆ ತಲೆಯೆತ್ತಿ ಕೇಳಿದಳು.

"ಅಪ್ಪ, ಮಲಗಿಸುವಾಗ ಅವಳ ಕಾಲು ತೊಳೆದಿದ್ರಾ?"

"ಇಲ್ಲ ಮಗಾ. ಒಂದು ಅಂಗಾಲು ನೇರಳೆ ಇತ್ತು. ಏನೋ ಔಷಧಿ ಹಚ್ಚಿದ್ದಾರೆ ಅಂದ್ಕೊಂಡೆ. ಒರೆಸಕ್ಕೆ ಮನಸ್ಸು ಬರ್ಲಿಲ್ಲ. ಹಾಗೇ ಬಿಟ್ಟೆ."